ನಡುಮನೆಯ ಮೂರನೇ ಫೋಟೋ

ನಾನು ಬರೆದ ಚಿತ್ರವನ್ನು ನಾನೊಬ್ಬನೇ ತಿದ್ದಿ ಮುಗಿಸಿದ್ದು ಯಾವತ್ತೂ ಇಲ್ಲ. ನಾನು ಬರೆಯಲು ಕೂತೆ ಅಂದರೆ ಶಂಕರಪುರದಲ್ಲಿ ಯಾರಿಗಾದರೂ ಒಬ್ಬರಿಗೆ ಅದರ ವಾಸನೆ ಹತ್ತುತ್ತದೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬಂದು, ನನ್ನ ಬೆನ್ನ ಹಿಂದೆ ನಿಂತು, "ಎಲ್ಲಾ ಚೆನ್ನಾಗಿದೆ, ಆದ್ರೆ..." ಎಂದು ಶುರು ಮಾಡುತ್ತಾರೆ. ಆ ಆದ್ರೆಯಿಂದ ಮುಂದಕ್ಕೆ ಚಿತ್ರ ನನ್ನದಲ್ಲ.

ಮೂವತ್ತೈದು ವರ್ಷ ನಾನು ರೇಷ್ಮೆ ಸೀರೆಗೆ ಗ್ರಾಫ್ ಬರೆದವನು. ಮಗ್ಗದವರು ನವಿಲು ಕೇಳಿದರೆ ನವಿಲು, ಹಂಸ ಕೇಳಿದರೆ ಹಂಸ, ಚೌಕುಳಿ ಹಾಳೆಯ ಮೇಲೆ ಒಂದೊಂದೇ ಚೌಕಕ್ಕೆ ಬಣ್ಣ ತುಂಬಿ ಕೊಡುತ್ತಿದ್ದೆ. ಆಮೇಲೆ ಆ ಕೆಲಸ ಕಂಪ್ಯೂಟರಿಗೆ ಹೋಯಿತು, ನಾನು ಮನೆಗೆ ಬಂದೆ. ಮೂರು ವರ್ಷ ನನ್ನ ಬೆರಳುಗಳು ಅವರೇಕಾಯಿ ಬಿಡಿಸುವುದು ಬಿಟ್ಟು ಬೇರೇನೂ ಮಾಡಲಿಲ್ಲ.

ಹೀಗಿರುವಾಗ ಮಲ್ಲೇಶ್ವರದಿಂದ ಒಬ್ಬಳು ಹುಡುಗಿ ಹಳೆಯ ಸೀರೆ ಗ್ರಾಫ್ ನೋಡಬೇಕು ಅಂತ ಬಂದಳು. ಮೂರು ಜನ ಸೇರಿಕೊಂಡು ಮೊಬೈಲ್ ಆಟ ಮಾಡುವವರಂತೆ. ನನ್ನ ಹಾಳೆ ನೋಡಿ, "ಸರ್, ಇದಕ್ಕೆ ನಾವು ಪಿಕ್ಸೆಲ್ ಆರ್ಟ್ ಅಂತೀವಿ" ಅಂದಳು. ಮೂವತ್ತೈದು ವರ್ಷ ನಾನೇನು ಮಾಡಿದೆ ಅನ್ನುವುದು ಅವತ್ತು ಗೊತ್ತಾಯಿತು. ಹಳೆಯ ಲ್ಯಾಪ್‌ಟಾಪ್ ಒಂದನ್ನು ಕೊಟ್ಟು, ಮೌಸ್ ಹಿಡಿಯುವುದು ಹೇಳಿಕೊಟ್ಟಳು. ಮರ, ಬಾವಿ, ಬೆಕ್ಕು ಅಂತ ಚಿಲ್ಲರೆ ಚಿತ್ರ ಬರೆದುಕೊಟ್ಟೆ.

ಈಗ ಅವರು ಹಳೇ ಬೆಂಗಳೂರಿನ ಮನೆಯೊಂದರ ಆಟ ಮಾಡುತ್ತಿದ್ದರು. ಮೊಮ್ಮಗಳು ಅಜ್ಜಿಯ ಬೀಗದ ಕೈ ಹುಡುಕುವ ಕಥೆ. ಮೊದಲು ನಡುಮನೆ ಬರೆದುಕೊಡಬೇಕು, ಅದು ಒಪ್ಪಿಗೆಯಾದರೆ ಒಂಬತ್ತು ಕೋಣೆಯೂ ನನಗೆ, ಜೊತೆಗೆ ಆಟದ ಕೊನೆಯಲ್ಲಿ ನನ್ನ ಹೆಸರು. ಒಪ್ಪಿಗೆಯಾಗದಿದ್ದರೆ ಬೇರೆ ಊರಿನಲ್ಲೊಬ್ಬ ಇದ್ದಾನೆ, ಕೋಟೆ ಕೊತ್ತಲ ಬರೆಯುವವನು. ಶನಿವಾರ ತೀರ್ಮಾನ. ಸುಳ್ಳು ಯಾಕೆ ಹೇಳಲಿ, ಆ ಕೆಲಸ ನನಗೆ ಬೇಕಿತ್ತು. ನಾನು ಬರೆದ ಸೀರೆ ಉಟ್ಟು ಎಷ್ಟು ಹೆಣ್ಣುಮಕ್ಕಳು ಹಸೆಮಣೆ ಏರಿದರೋ, ಒಂದು ಸೆರಗಿನ ಮೇಲೂ ನನ್ನ ಹೆಸರಿಲ್ಲ. ಅದೂ ಅಲ್ಲದೆ, ಆ ಕೋಟೆಯವನ ಕೈಗೆ ಶಂಕರಪುರದ ನಡುಮನೆ ಸಿಕ್ಕರೆ ಅವನು ಗೋಡೆಗೆ ಗುರಾಣಿ ಕತ್ತಿ ನೇತುಹಾಕುವುದು ಖಂಡಿತ.

ಎರಡು ಗಡಿಯಾರ

ನನಗೆ ಗೊತ್ತಿರುವ ನಡುಮನೆ ಒಂದೇ, ನಮ್ಮದು. ಕೆಂಪು ಗಾರೆ ನೆಲ, ದಿವಾನ, ಟಿ.ವಿ., ಅಡುಗೆಮನೆಯಲ್ಲಿ ಜಾಗ ಸಾಲದೆ ಹೊರಗೆ ಬಂದು ನಿಂತ ಫ್ರಿಜ್. ಅದನ್ನೇ ಬರೆಯಲು ಕೂತೆ.

ಸೀರೆ ಗ್ರಾಫಿನಲ್ಲಿ ಒಂದು ಪದ್ಧತಿ ಇದೆ. ಎರಡು ನವಿಲು ಎದುರುಬದುರು ನಿಲ್ಲಬೇಕಾದರೆ ನಾವು ಬರೆಯುವುದು ಒಂದನ್ನೇ. ಇನ್ನೊಂದು ಅದನ್ನೇ ಮಗುಚಿ ಹಾಕಿದ್ದು. ಇಷ್ಟು ವರ್ಷದ ಅಭ್ಯಾಸ, ಕೈ ಕೇಳಬೇಕಲ್ಲ. ನಡುಮನೆಯ ಎಡಗಡೆ ಬರೆದು ಮುಗಿಸಿ, ಬಲಗಡೆಗೆ ಹಾಗೇ ಮಗುಚಿಬಿಟ್ಟೆ. ನನ್ನ ಕಣ್ಣಿಗೆ ತುಂಬಾ ಲಕ್ಷಣವಾಗಿತ್ತು.

ನನ್ನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು. ಎರಡು ಬಾಗಿಲು, ಎರಡು ದಿವಾನ, ಎರಡು ಟಿ.ವಿ., ಎರಡು ಫ್ರಿಜ್. ಎಡಗಡೆ ಗಡಿಯಾರದಲ್ಲಿ ಹತ್ತು ಗಂಟೆ ಬರೆದಿದ್ದೆ, ಮಗುಚಿದ್ದರಿಂದ ಬಲಗಡೆಯದರಲ್ಲಿ ಎರಡು ಗಂಟೆ ಆಗಿತ್ತು. ಒಂದು ಫ್ರಿಜ್ ಒರೆಸುವುದೇ ಸಾಕಾಗಿದೆ, ಎರಡನೆಯದನ್ನು ಒರೆಸುವವರು ಯಾರು ಅಂತ ಮೊದಲು ಕೇಳಿದಳು. ತಪ್ಪು ಒಪ್ಪಿಕೊಂಡು ಬಲಗಡೆಯದೆಲ್ಲಾ ಅಳಿಸಲು ಶುರು ಮಾಡಿದೆ. ಗಡಿಯಾರದ ಹತ್ತಿರ ಬಂದಾಗ ತಡೆದಳು.

"ಅದು ಇರ್ಲಿ ಬಿಡಿ. ಸ್ನಾನಕ್ಕೆ ಹೋಗಿ ಅಂತ ನಾನು ಹೇಳೋ ಟೈಮು ಒಂದು, ನೀವು ಎದ್ದು ಹೋಗೋ ಟೈಮು ಒಂದು. ಅದೊಂದು ಸರಿಯಾಗಿ ಬರ್ದಿದೀರ."

ಟವಲ್ ತೆಗೀರಿ

ಒಂದೇ ಗಡಿಯಾರ ಉಳಿಸಿ ಕಳಿಸಿದೆ. ಹುಡುಗಿ ಉತ್ತರ ಬರೆದಳು: ಚಿತ್ರ ಅಚ್ಚುಕಟ್ಟಾಗಿದೆ ಸರ್, ಆದರೆ ಈ ಮನೆಯಲ್ಲಿ ಯಾರೂ ವಾಸ ಇರುವ ಹಾಗೆ ಕಾಣುವುದಿಲ್ಲ, ಇಂಪ್ರೂವ್ ಮಾಡಿ.

ನನಗೆ ಸಿಟ್ಟು ಬಂತು. ನಲವತ್ತು ವರ್ಷದಿಂದ ನಾನು ವಾಸ ಇರುವ ಮನೆ ಅದು. ಆದರೆ ತಲೆ ಎತ್ತಿ ನಿಜವಾದ ನಡುಮನೆ ನೋಡಿದೆ, ಅವಳು ಹೇಳಿದ್ದು ಸರಿ ಅನ್ನಿಸಿತು. ಇದ್ದದ್ದು ಇದ್ದ ಹಾಗೆ ಬರೆದೆ. ಕುರ್ಚಿಯ ಬೆನ್ನಿಗೆ ಒದ್ದೆ ಟವಲ್, ದಿವಾನದ ಮೇಲೆ ಮಡಿಸದ ಬಟ್ಟೆ, ಟಿ.ವಿ. ಮೇಲೆ ನನ್ನ ಮಾತ್ರೆ ಡಬ್ಬಿ, ನೆಲದ ಮೇಲೆ ಪೇಪರ್, ಮೊರದಲ್ಲಿ ಅರ್ಧ ಬಿಡಿಸಿದ ಅವರೇಕಾಯಿ. ಆ ಟವಲ್ ಒಂದಕ್ಕೇ ನಲವತ್ತು ಚೌಕ, ಮೂರು ಥರದ ನೀಲಿ. ಕುರ್ಚಿಯಿಂದ ಅದು ಇಳಿಬಿದ್ದಿರುವುದು ನೋಡಿದರೆ ಯಾರಾದರೂ ಕೈಯಿಟ್ಟು ಒಣಗಿದೆಯಾ ಅಂತ ನೋಡಬೇಕು, ಹಾಗಿತ್ತು.

ಹೆಂಡತಿ ಕೇಳಿದ್ದು ಒಂದೇ, ಇದು ಎಷ್ಟು ಜನರ ಮೊಬೈಲಿಗೆ ಹೋಗುತ್ತದೆ ಅಂತ. ಎಲ್ಲರಿಗೂ ಹೋಗುತ್ತೆ ಅಂದೆ, ಜಂಬದಿಂದ. ಅದೇ ತಪ್ಪಾಯಿತು. ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು.

"ಟವಲ್ ತೆಗೀರಿ."

ಇದು ಚಿತ್ರ ಕಣೇ ಅಂದೆ. ಚಿತ್ರವೇ ಇರಬಹುದು, ಕೆಂಪು ನೆಲ ನೋಡಿದರೆ ಯಾರ ಮನೆ ಅಂತ ನಿಮ್ಮ ತಂಗಿಗೆ ಗೊತ್ತಾಗುವುದಿಲ್ಲವೇ ಅಂದಳು. ಟವಲ್ ತೆಗೆದೆ. ಬಟ್ಟೆ ಒಳಗಿಡಿ ಅಂದಳು, ಒಳಗೆ ಅನ್ನುವುದು ಚಿತ್ರದಲ್ಲಿ ಇರಲಿಲ್ಲ, ಅಳಿಸಿದೆ. ಪೇಪರ್ ಹೋಯಿತು, ಮಾತ್ರೆ ಹೋಯಿತು, ಮೊರ ಹೋಯಿತು. ದಿವಾನದ ಹೊದಿಕೆಯ ಸುಕ್ಕು ತೆಗೆಸಿದಳು. ಕೊನೆಗೆ ಆ ನೆಲಕ್ಕೆ ಸ್ವಲ್ಪ ಹೊಳಪು ಬರುವ ಹಾಗೆ ಮಾಡಿ, ಈಗ ತಾನೇ ಒರೆಸಿದ ಹಾಗಿರಲಿ ಅಂದಳು. ಅದನ್ನೂ ಮಾಡಿದೆ.

ಸಂಜೆ ಕಳಿಸಿದೆ. ಹುಡುಗಿ ಫೋನ್ ಮಾಡಿ ಬಹಳ ವಿನಯವಾಗಿ ಹೇಳಿದಳು: "ಸರ್, ಮಿಸ್ಟೇಕಲ್ಲಿ ನಿನ್ನೆ ಫೈಲೇ ಕಳ್ಸಿದೀರ ಅನ್ಸತ್ತೆ."

ನಾಲ್ಕು ವರ್ಷದ ಬೆಳಕು

ಹೆಂಡತಿ ದೇವಸ್ಥಾನಕ್ಕೆ ಹೋದ ಸಮಯ ನೋಡಿ ಟವಲ್ಲನ್ನೂ ಮೊರವನ್ನೂ ವಾಪಸ್ ತಂದೆ. ಈ ಸಲ ಹುಡುಗಿ ಸ್ವಲ್ಪ ಮೆತ್ತಗಾದಳು. ಮನೆಯಲ್ಲಿ ಯಾರೋ ಇದ್ದಾರೆ, ಆದರೆ ಬೆಳಕಿಲ್ಲ, ಎಲ್ಲಾ ಚಪ್ಪಟೆಯಾಗಿ ಕಾಣುತ್ತದೆ, ಬೆಳಕು ಎಲ್ಲಿಂದ ಬರುತ್ತದೆ ಅನ್ನುವುದು ಮೊದಲು ನಿರ್ಧಾರ ಮಾಡಿ ಅಂದಳು.

ಇದನ್ನು ಯೋಚಿಸುತ್ತಾ ಕೂತಿದ್ದಾಗ ಪಕ್ಕದ ಮನೆಯವರು ಪೇಪರ್ ಕೇಳಲು ಬಂದರು. ರಿಟೈರ್ಡ್ ಇಂಜಿನಿಯರ್. ಪೇಪರ್ ಮರೆತು ಲ್ಯಾಪ್‌ಟಾಪಿನ ಮುಂದೆ ಬಗ್ಗಿದರು. ಕಿಟಕಿಯ ಮೇಲೆ ಲಿಂಟಲ್ ಇಲ್ಲ, ಗೋಡೆ ಬೀಳುತ್ತದೆ ಅಂದರು. ಒಂದು ಸಾಲು ಬೂದು ಚೌಕ ಹಾಕಿ ಲಿಂಟಲ್ ಕಟ್ಟಿದೆ. ಆಮೇಲೆ ಅವರೇ ಹೇಳಿದರು, ನಿಮ್ಮ ಕಿಟಕಿ ಪೂರ್ವಕ್ಕಿದೆ, ಬೆಳಗಿನ ಹೊತ್ತು ಅಲ್ಲಿಂದ ನೆಲದ ಮೇಲೆ ಒಂದು ಪಟ್ಟೆ ಬಿಸಿಲು ಬೀಳಬೇಕು, ಅದಿಲ್ಲದೆ ಕೋಣೆಗೆ ಕಳೆ ಎಲ್ಲಿಂದ ಬರಬೇಕು.

ನನಗೆ ಒಳಗೊಳಗೇ ಕುಣಿಯುವ ಹಾಗಾಯಿತು. ನಾಲ್ಕು ವರ್ಷದಿಂದ ಆ ಕಿಟಕಿಯಲ್ಲಿ ಬಿಸಿಲು ಬರದೇ ಇರುವುದಕ್ಕೆ ಕಾರಣ ಇವರೇ. ಎರಡು ಮಹಡಿಗೆ ಪ್ಲಾನ್ ತೆಗೆದುಕೊಂಡು, ಗಾಳಿಗೆ ಅಂತ ಮೂರನೆಯದೂ ಕಟ್ಟಿಬಿಟ್ಟರು. ಕೇಳಲು ಹೋದವನಿಗೆ ಕಾಫಿ ಕೊಟ್ಟು ಕಳಿಸಿದ್ದರು.

ಕಿಟಕಿಯೊಳಗೆ ಬೂದು ಬಣ್ಣ ತುಂಬುತ್ತಾ ಹೋದೆ. ಅದೇನು ಅಂತ ಕೇಳಿದರು.

"ನಿಮ್ಮನೆ ಸರ್. ಮೂರನೇ ಮಹಡಿ."

ನಾನು ಅವರ ನೀರಿನ ಟ್ಯಾಂಕನ್ನೂ ಬರೆದೆ, ಕಪ್ಪು, ಆರು ಚೌಕ. ಇದು ಮೊಬೈಲಿನಲ್ಲಿ ಎಲ್ಲರೂ ನೋಡುವುದೋ, ಕಾರ್ಪೊರೇಷನ್ನಿನವರೂ ಮೊಬೈಲ್ ಇಟ್ಟುಕೊಂಡಿರುತ್ತಾರೋ ಅಂತ ಮೆಲ್ಲಗೆ ವಿಚಾರಿಸಿದರು. ಇಟ್ಟುಕೊಂಡಿರುತ್ತಾರೆ ಅಂದೆ. ಅಷ್ಟೇ, ಸ್ಟೂಲ್ ಎಳೆದುಕೊಂಡು ಕೂತು, ಆ ಮಹಡಿ ತೆಗೆಸುವವರೆಗೂ ಏಳಲಿಲ್ಲ. ನಾಲ್ಕು ವರ್ಷ ಬೇಡಿದರೂ ಬಾರದ ಬಿಸಿಲು, ಅವರ ಕೈಯಾರೆ ನಾಲ್ಕು ನಿಮಿಷದಲ್ಲಿ ನಮ್ಮ ನೆಲದ ಮೇಲೆ ಬಿತ್ತು.

ಕೈತಪ್ಪಿ ಹಾಕಿದ ಹಾರ

ಬೆಳಕು ಬಂದ ಮೇಲೆ ಗೋಡೆ ಬೋಳಾಗಿ ಕಂಡಿತು. ಅಲ್ಲಿ ನಿಮ್ಮ ಮನೆಯದೇ ಏನಾದರೂ ಇರಲಿ ಅಂತ ಹುಡುಗಿ ಹೇಳಿದಳು. ನಮ್ಮ ಗೋಡೆಯ ಮೇಲೆ ಮೂರು ಫೋಟೋ ಇವೆ. ನಮ್ಮಪ್ಪ, ನಮ್ಮಮ್ಮ, ಪಕ್ಕದಲ್ಲಿ ನನ್ನ ಹೆಂಡತಿಯ ಅಣ್ಣ. ಅಪ್ಪ ಅಮ್ಮ ಹೋಗಿ ಬಹಳ ವರ್ಷವಾಯಿತು. ಹೆಂಡತಿಯ ಅಣ್ಣ ಗಟ್ಟಿಮುಟ್ಟಾಗಿದ್ದಾರೆ.

ಅವರು ಮಾರ್ಕೆಟ್ಟಿನಲ್ಲಿ ಹೋಲ್‌ಸೇಲ್ ಹೂವಿನ ವ್ಯಾಪಾರಿ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರು ನನ್ನನ್ನು ಭಾವ ಅನ್ನುತ್ತಾರೆ, ಜಗಳ ಬಂದಾಗ ಇದು ಅನುಕೂಲ. ಹೂವಿನವರ ಸಂಘದಲ್ಲಿ ಅವರಿಗೆ ಶಾಲು ಹೊದಿಸಿದ ಫೋಟೋ ಅದು. ಅವರ ಮನೆಯಲ್ಲಿ ಅದಕ್ಕೆ ಗೋಡೆ ಸಿಗಲಿಲ್ಲವಂತೆ, ತಂಗಿ ಮನೆಗೆ ಬಂತು. ಬೆಳಿಗ್ಗೆ ವ್ಯಾಪಾರ ಮುಗಿಸಿ, ದಿನ ಬಿಟ್ಟು ದಿನ ನಮ್ಮನೆಗೆ ಬಂದು, ತಮ್ಮ ಫೋಟೋದ ಕೆಳಗಿನ ಕುರ್ಚಿಯಲ್ಲೇ ಕೂತು ಒಂದು ಲೋಟ ಕಾಫಿ ಕೇಳುತ್ತಾರೆ. ಶುಗರ್ ಬಂದಾಗಿನಿಂದ ತಂಗಿ ಸಕ್ಕರೆ ಹಾಕುವುದಿಲ್ಲ. ಬೈದುಕೊಂಡು ಕುಡಿಯುತ್ತಾರೆ.

ಮೂರು ಚೌಕಟ್ಟು ಬರೆದೆ. ಒಂದೊಂದು ಮುಖಕ್ಕೂ ಸಿಕ್ಕಿದ್ದು ಹನ್ನೆರಡೇ ಚೌಕ. ಭಾವನ ಮೀಸೆಗೆ ಅದರಲ್ಲಿ ನಾಲ್ಕು ಹೋಯಿತು. ಅಪ್ಪನ ಫೋಟೋಗೆ ಕೇಸರಿ ಬಣ್ಣದ ಒಂದು ಹಾರ ಹಾಕಿದೆ, ಗೋಡೆಗೆ ಬಣ್ಣ ಬಂತು. ಸೀರೆಯ ಅಂಚಿನಲ್ಲಿ ಒಂದು ಹೂವು ಬರೆದರೆ ಮುಂದಿನದೆಲ್ಲಾ ಅದರದೇ ನಕಲು. ಕೈ ಆ ಲೆಕ್ಕದಲ್ಲೇ ಓಡಿತು. ಅಮ್ಮನಿಗೊಂದು, ಪಕ್ಕದ್ದಕ್ಕೊಂದು. ಕಳಿಸಿ ಎದ್ದೆ.

ಹೆಂಡತಿ ನೋಡಿದ್ದು ಆಮೇಲೆ. ನಾಲ್ಕು ಚೌಕದ ಮೀಸೆ ನೋಡಿ ಒಡಹುಟ್ಟಿದವನನ್ನು ಗುರುತು ಹಿಡಿದಳು. ಕಣ್ಣಲ್ಲಿ ನೀರು ಬಂತು. "ಬದುಕಿರೋರಿಗೆ ಹಾರ ಹಾಕಿದೀರಲ್ರೀ," ಅಂದಳು. ನಾನು ಬೇಕಂತ ಮಾಡಿದ್ದಲ್ಲ. ಈಗಲೇ ತೆಗೆಯುತ್ತೇನೆ ಅಂದೆ. ಅವಳು ಗಣಪತಿಗೆ ತೆಂಗಿನಕಾಯಿ ಒಡೆಸಿಕೊಂಡು ಬಂದಳು. ಆಮೇಲೆ ದಿನಕ್ಕೆ ಎರಡು ಸಲ ಅಣ್ಣನಿಗೆ ಫೋನ್ ಮಾಡಿ, ಎದೆ ನೋವಿಲ್ಲ ತಾನೇ, ರಸ್ತೆ ನೋಡಿಕೊಂಡು ದಾಟು ಅನ್ನತೊಡಗಿದಳು. ತಂಗಿಗೆ ಏನಾಗಿದೆ ಅಂತ ಭಾವ ನನ್ನನ್ನು ಕೇಳಿದರು.

ಇತ್ತ ನಾನು ಅವತ್ತೇ ಹಾರ ತೆಗೆಯಲು ಕೂರುವಷ್ಟರಲ್ಲಿ ಹುಡುಗಿಯ ಫೋನ್ ಬಂತು. ಸರ್, ಯಾರೂ ಏನೂ ಮುಟ್ಟಬೇಡಿ, ನಮಗೆ ಬೇಕಾದ ರೂಮು ಸಿಕ್ಕಿಬಿಟ್ಟಿತು ಅಂದಳು. ಹಾರ ಹಾಕಿದ ಆ ಮೀಸೆ ಅಂಕಲ್ ನೋಡಿ ಅವರ ಮೂವರಿಗೂ ಕಥೆ ಹೊಳೆದಿತ್ತು. ಆ ಅಂಕಲ್ ಈಗ ಆಟದ ದೆವ್ವ. ಒಳ್ಳೆಯ ದೆವ್ವ. ದಿನಾ ಬೆಳಿಗ್ಗೆ ನಡುಮನೆಗೆ ಬಂದು ಕಾಫಿ ಕೇಳುತ್ತದೆ, ಕಾಫಿ ಕೊಟ್ಟರೆ ಬೀಗದ ಕೈ ಎಲ್ಲಿದೆ ಅಂತ ಸುಳಿವು ಕೊಡುತ್ತದೆ. ಕಾಫಿ ವಿಷಯ ನಾನು ಹೇಳಿರಲಿಲ್ಲ, ದೇವರಾಣೆ.

ಕೋಟೆಯವನು ನೆನಪಾದ. ಹಾರ ತೆಗೆಯುತ್ತೇನೆ ಅನ್ನಲು ಹೊರಟವನು, ಆಗಲಮ್ಮ ಅಂದೆ. ನೋಡಿ, ಟವಲ್ ಹಾಕಿದೆ, ಮೊರ ಇಟ್ಟೆ, ಬಿಸಿಲು ತರಿಸಿದೆ, ಯಾವುದಕ್ಕೂ ಜೀವ ಬರದಿದ್ದ ಮನೆಗೆ ನಮ್ಮ ಭಾವ ಸತ್ತಮೇಲೆ ಜೀವ ಬಂತು.

ಶನಿವಾರದ ಕಾಫಿ

ಕೊನೆಯ ಒಪ್ಪಿಗೆಗೆ ಮುಂಚೆ ನಿಜವಾದ ನಡುಮನೆ ಒಮ್ಮೆ ನೋಡುತ್ತೇನೆ ಅಂತ ಹುಡುಗಿ ಶನಿವಾರ ಬೆಳಿಗ್ಗೆ ಬರುವವಳಿದ್ದಳು. ಹಾರ ಇನ್ನೂ ಇರುವುದು ಹೆಂಡತಿಗೆ ಗೊತ್ತಿರಲಿಲ್ಲ. ಹಾರ ಹಾಕಿದ್ದೇ ಭಾವನಿಗೆ ಗೊತ್ತಿರಲಿಲ್ಲ. ಭಾವನಿಗೆ ಫೋನ್ ಮಾಡಿ, ಬೆಳಿಗ್ಗೆ ನಾವು ಮನೆಯಲ್ಲಿ ಇರುವುದಿಲ್ಲ, ಸಂಜೆ ಬನ್ನಿ ಅಂದೆ. ಜಾಣತನ ಮಾಡಿದೆ ಅಂದುಕೊಂಡೆ.

ಅತ್ತ ಹೆಂಡತಿ, ಬರುವ ಹುಡುಗಿಗೆ ಅವರೇಕಾಳು ಉಪ್ಪಿಟ್ಟು ಮಾಡೋಣ ಅಂತ, ಮಾರ್ಕೆಟ್ಟಿಂದ ಎಳೆ ಅವರೇಕಾಯಿ ತೆಗೆದುಕೊಂಡು ಬೇಗ ಬಾ ಎಂದು ಅದೇ ಅಣ್ಣನಿಗೆ ಫೋನ್ ಮಾಡಿದ್ದಳು.

ಹುಡುಗಿ ಬಂದಳು. ನಡುಮನೆಯಲ್ಲಿ ಹರಡಿದ್ದ ಸಾಮಾನೆಲ್ಲಾ ಹಳೇ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿ ಒಳಕೋಣೆ ಸೇರಿತ್ತು, ಒಂದು ಟವಲ್ ಸಹ ಇರಲಿಲ್ಲ. ಅವಳ ಕಣ್ಣು ಸೀದಾ ಗೋಡೆಗೆ ಹೋಯಿತು. ಮೂರನೇ ಫೋಟೋದ ಮುಂದೆ ನಿಂತು ದನಿ ತಗ್ಗಿಸಿದಳು.

"ಇವ್ರೇನಾ ಸರ್?"

ಹೌದು ಅಂದೆ. ಮಿಕ್ಕ ಎರಡಕ್ಕೆ ಹಾರ ಇದೆ, ಇವರಿಗೆ ಯಾಕಿಲ್ಲ ಅಂದಳು. ಹೂವು ಇನ್ನೂ ಬಂದಿಲ್ಲಮ್ಮ ಅಂದೆ. ಅವಳು ಕಣ್ಣು ಮುಚ್ಚಿ ಕೈ ಮುಗಿದಳು. ಪಾಪ ಅನ್ನಿಸಿತು, ಆದರೆ ನಗುವೂ ಬಂತು.

ಅವಳು ಕಣ್ಣು ಬಿಡುವುದಕ್ಕೂ ಬಾಗಿಲು ತಳ್ಳಿಕೊಂಡು ಭಾವ ಬರುವುದಕ್ಕೂ ಸರಿಹೋಯಿತು. ಬಿಳಿ ಷರಟು, ಬಿಳಿ ಪಂಚೆ, ಮೈತುಂಬಾ ಸೇವಂತಿಗೆ ವಾಸನೆ. ನನ್ನನ್ನು ಕಂಡು, ಮನೆಯಲ್ಲಿ ಇರುವುದಿಲ್ಲ ಅಂದವನು ಇಲ್ಲೇ ಇದ್ದಾನಲ್ಲ ಅನ್ನುವ ಸಿಟ್ಟಿಗೆ ಮಾತಾಡಿಸದೆ ಮುಖ ತಿರುಗಿಸಿ, ಸೀದಾ ಹೋಗಿ ತಮ್ಮ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತು, ಗಾಳಿಯಲ್ಲಿ ಹೇಳಿದರು:

"ಒಂದು ಲೋಟ ಕಾಫಿ."

ಹುಡುಗಿ ಫೋಟೋ ನೋಡಿದಳು, ಅವರನ್ನು ನೋಡಿದಳು. ಹಿಂದಕ್ಕೆ ಹೆಜ್ಜೆ ಇಡುತ್ತಾ ಇಡುತ್ತಾ ದಿವಾನದ ಮೇಲೆ ಹತ್ತಿಬಿಟ್ಟಳು. ನನ್ನ ತೋಳು ಹಿಡಿದು ಪಿಸುಗುಟ್ಟಿದಳು.

"ಸರ್, ನಿಮ್ಗೂ ಕಾಣಿಸ್ತಿದಾರಾ?"

ಆ ಹೊತ್ತಿನಲ್ಲಿ ನಾನು ಹೇಳಬೇಕಾದ ಮಾತು ಬೇರೆ ಇತ್ತು. ಕೆಲಸ ಹೋಗಬಹುದಿತ್ತು, ಹೆಂಡತಿಯ ಕಡೆಯವರ ನಂಟು ಹೋಗಬಹುದಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ನಾನು ಕುರ್ಚಿಯ ಕಡೆ ನೋಡಿ, "ಯಾರಮ್ಮ?" ಅಂದೆ.

ಅಷ್ಟರಲ್ಲಿ ಹೆಂಡತಿ ಕಾಫಿ ತಂದು ಅಣ್ಣನ ಕೈಗೆ ಕೊಟ್ಟಳು. ದೆವ್ವ ಒಂದು ಗುಟುಕು ಕುಡಿದು ಸಕ್ಕರೆ ಇಲ್ಲ ಅಂತ ಮುಖ ಹುಳ್ಳಗೆ ಮಾಡಿತು. ಹುಡುಗಿ ದಿವಾನದಿಂದ ಮೆಲ್ಲಗೆ ಇಳಿದಳು. ಆಮೇಲೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ನಾನೇ ಎಲ್ಲಾ ಹೇಳಿದೆ. ಹೆಂಡತಿ ನನ್ನ ಕಡೆ ಒಂದು ನೋಟ ನೋಡಿದಳು, ಅದನ್ನು ಇಲ್ಲಿ ವರ್ಣಿಸುವುದಿಲ್ಲ. ಹಾರ ತೆಗೆದುಬಿಡೋಣ, ಕಥೆ ಬದಲಾಯಿಸೋಣ ಅಂತ ಹುಡುಗಿ ತಲೆ ತಗ್ಗಿಸಿ ಹೇಳಿದಳು. ಕಥೆ ಹೋದರೆ ಈ ನಡುಮನೆಯೂ ಹೋಯಿತು, ಕೋಟೆಯವನು ಬಂದ ಅಂತಲೇ ಲೆಕ್ಕ.

ಭಾವ ಚಿತ್ರ ತೋರಿಸಿ ಅಂದರು. ಹುಡುಗಿಯ ಟ್ಯಾಬ್ಲೆಟ್ಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಕೊನೆಗೆ ತಲೆ ಎತ್ತಿದರು, ಮುಖದಲ್ಲಿ ನಿಜವಾದ ನೋವಿತ್ತು.

"ಭಾವ, ನಲವತ್ತು ವರ್ಷ ಹೂವು ಮಾರಿದೋನ್ಗೆ ಇಷ್ಟು ಸಣ್ಣ ಹಾರ ಹಾಕಿದೀರಲ್ಲ. ಮಾರ್ಕೆಟ್ನೋರು ನೋಡಿದ್ರೆ ಏನಂದ್ಕೋತಾರೆ?"

ಅಲ್ಲೇ ತಿದ್ದಲು ಕೂರಿಸಿದರು. ಕೇಸರಿ ಒಂದೇ ಬಣ್ಣ ಬೇಡ, ಅದು ಗಾಡಿ ಪೂಜೆಯ ಚೆಂಡು ಹೂವಿನ ಹಾಗೆ ಕಾಣುತ್ತದೆ. ಹಳದಿ ಸೇವಂತಿಗೆ, ನಡುನಡುವೆ ಕೆಂಪು ಗುಲಾಬಿ, ಕೆಳಗೊಂದು ಕುಚ್ಚು. ತಂಗಿ ಅಪಶಕುನ ಅಂತ ಕಣ್ಣೊರೆಸಿಕೊಂಡಾಗ, ಇಲ್ಲದ ಸಾವಿನ ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತದೆ ಅಂತ ಅಮ್ಮ ಹೇಳುತ್ತಿದ್ದದ್ದು ಮರೆತೆಯಾ ಅಂದರು. ತಾವು ಹೇಗೆ ಸತ್ತಿದ್ದು ಅಂತ ವಿಚಾರಿಸಿಕೊಂಡರು. ಇನ್ನೂ ಯೋಚನೆ ಮಾಡಿಲ್ಲ ಅಂದಳು ಹುಡುಗಿ. ಲಾರಿ ಗೀರಿ ಬೇಡ, ನಿದ್ದೆಯಲ್ಲಿ ಹೋದ ಹಾಗೆ ಮಾಡಿ ಎಂದು ಶಿಫಾರಸು ಮಾಡಿದರು. ಆಮೇಲೆ ಕೈಯಲ್ಲಿದ್ದ ಲೋಟ ನೋಡಿ, ಏನೋ ಹೊಳೆದವರಂತೆ ಹುಡುಗಿಯ ಕಡೆ ಬಗ್ಗಿ, ತಂಗಿಗೆ ಕೇಳದ ಹಾಗೆ ಕೇಳಿದರು.

"ಸತ್ತೋರ್ಗೆ ಶುಗರ್ ಇರತ್ತಾಮ್ಮ?"

"ಇರಲ್ಲ ಅಂಕಲ್."

"ಹಂಗಾದ್ರೆ ಭಾವ, ಚಿತ್ರದಲ್ಲಿ ನಂಗೊಂದು ಕಾಫಿ, ಪಕ್ಕ ಒಂದು ಸಕ್ಕರೆ ಡಬ್ಬಿ ಇಡಿ."

ಇಟ್ಟೆ. ಮೊದಲು ಕಾಫಿ ಲೋಟ, ಪಕ್ಕದಲ್ಲಿ ಸ್ಟೀಲ್ ಡಬ್ಬಿ, ಒಂಬತ್ತು ಚೌಕ, ಮುಚ್ಚಳದ ಮೇಲೆ ಬಿಸಿಲಿನ ಒಂದು ಚುಕ್ಕೆ. ಅವರಿಗೆ ತೃಪ್ತಿಯಾಯಿತು. ಹುಡುಗಿ ಅಲ್ಲೇ ಒಪ್ಪಿಗೆ ಕೊಟ್ಟಳು, ಒಂಬತ್ತು ಕೋಣೆಯೂ ನನಗೇ ಬಂತು. ಉಪ್ಪಿಟ್ಟು ತಿಂದು ಇಬ್ಬರೂ ಹೊರಟರು. ನಾನು ಖುಷಿಯಲ್ಲಿ ಕೂತು, ಮುಗಿದ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಿದ್ದೆ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬೆನ್ನ ಹಿಂದೆ ನಿಂತಳು. ಚಿತ್ರದ ಕುರ್ಚಿಯ ಮೇಲೆ ಟವಲ್ ವಾಪಸ್ ಬಂದಿದ್ದನ್ನು ನೋಡಿದಳು, ಏನೂ ಅನ್ನಲಿಲ್ಲ. ಅಣ್ಣನ ಕೊರಳಿನ ಹಾರ ನೋಡಿದಳು, ಅದಕ್ಕೂ ಏನೂ ಅನ್ನಲಿಲ್ಲ. ಸದ್ಯ ಬದುಕಿದೆ ಅಂದುಕೊಂಡೆ. ಆಮೇಲೆ ಕನ್ನಡಕ ಹಾಕಿಕೊಂಡು ಸ್ವಲ್ಪ ಬಗ್ಗಿ, ಕಾಫಿ ಲೋಟದ ಪಕ್ಕಕ್ಕೆ ಬೆರಳು ತೋರಿಸಿದಳು.

"ಆ ಡಬ್ಬಿ ತೆಗೀರಿ."